ಕರಿಯ ಕೆಳಗೆ ಕೂತ ಕೆಂಪು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಮುಂಜಾನೆ, ಹೊತ್ತು ಏರುವ ಮೊದಲೇ. ಬೆಕ್ಕಿನ ಕಣ್ಣಿನ ಕೂಸು, ಥೇಟ್ ನಮ್ಮವ್ವನ ಕಣ್ಣು. ಖುಷಿಗೆ ಅಕ್ಷರ ಸೊಟ್ಟಗಾದರೆ ಆಗಲಿ. ಆದರೆ ಆ ಕಣ್ಣು ನೋಡಿದಾಗಿನಿಂದ ಎದುರುಮನೆ ದೊಡ್ಡವ್ವ ಎದೆ ಬಿಟ್ಟು ಇಳಿಯುತ್ತಿಲ್ಲ.

ಅವಳ ಎಡಗೈ ಕಿರುಬೆರಳು ಅರ್ಧವೇ ಇತ್ತು. ಮರಿ ಹಾಕಿದ ಹಂದಿ ಕಚ್ಚಿತ್ತು. "ತಾಯಿ ಐತಲ್ಲ, ಮುತ್ತು ಕೊಡತೈತೇನು?" ಎಂದು ನಗುತ್ತಿದ್ದಳು. ಹಿರೇಕೆರೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಹಂದಿ ಸಾಕುವವರೇ. ಹಂದಿ ಊರೆಲ್ಲ ತಿರುಗುತ್ತವೆ. ಕಿವಿಗೆ ಗುರುತಿನ ಕಚ್ಚು ಹಾಕುವ ತನಕ ಮರಿ ಯಾರದೆಂದು ಬಣ್ಣ ನೋಡಿ ಹೇಳಬೇಕು. ದೊಡ್ಡವ್ವ ಮಾತ್ರ ಒಂದೊಂದು ಹಂದಿಯ ಅವ್ವ ಯಾರು, ಅಜ್ಜಿ ಯಾರು ಎಂದು ಬೀಗರ ಸುದ್ದಿಯಂತೆ ಹೇಳುತ್ತಿದ್ದಳು.

ಒಂದು ವರ್ಷ ಅವಳ ಕರಿ ಹಂದಿ, ನನ್ನ ಕೆಂಪು ಹಂದಿ ಒಂದೇ ವಾರ ಮರಿ ಹಾಕಿದವು. ಓಣಿಯಲ್ಲಿ ಕೆಂಪು ಹಂದಿ ಇದ್ದದ್ದು ನನ್ನದೊಂದೇ. ನನ್ನ ಎರಡು ಮರಿ ಕಾಣೆಯಾದವು. ಹೋಗಿ ನೋಡಿದರೆ ಅವಳ ಹಂದಿಯ ಮೊಲೆಗೆ ಆರು ಕರಿ ಮರಿ, ಎರಡು ಕೆಂಪು!

"ಗಂಡೂ ಕರೇದು, ಹೆಣ್ಣೂ ಕರೇದು, ಕೆಂಪು ಹೆಂಗ ಹುಟ್ಟತೈತಿ? ಕಳ್ಳಿ!" ಎಂದು ಓಣಿ ಕೂಡಿಸಿದೆ.

ಅವಳು ದನಿ ಏರಿಸಲಿಲ್ಲ. "ತಮ್ಮಾ, ಇದರ ಅಜ್ಜಿ ಕೆಂಪಿದ್ಳು. ಆ ಗಂಡಿನ ಅಜ್ಜಿನೂ ಕೆಂಪ. ಕರೇದರ ಕೆಳಗ ಕೆಂಪು ಸುಮ್ನ ಕುಂತಿರತೈತಿ. ಎರಡೂ ಕಡಿಂದ ಬಂದು ಕೂಡಿದ್ರ ಹೊರಗ ಬರತೈತಿ."

ಹಿರಿಯರು ನಕ್ಕು ಮರಿಗಳನ್ನು ನನಗೇ ಕೊಡಿಸಿದರು. ಅಲ್ಲೇ ಕಿವಿಗೆ ನನ್ನ ಕಚ್ಚು ಹಾಕಿದೆ. ಮರಿಗೆ ತನ್ನ ತಾಯಿಯ ಮೊಲೆ ಗೊತ್ತಿರುತ್ತದೆ. ರಕ್ತ ಸೋರುವ ಕಿವಿಯಲ್ಲೇ ಅವು ಮತ್ತೆ ಮತ್ತೆ ಅವಳ ಅಂಗಳಕ್ಕೇ ಓಡಿದವು. ಮರಿ ಅವಳವೇ, ನನ್ನವನ್ನು ನಾಯಿ ಒಯ್ದಿರಬೇಕು ಎಂದು ನನಗೆ ಆಗಲೇ ತಿಳಿಯಿತು. ತಿಳಿದೂ ಎಳೆದು ತಂದೆ. ನನ್ನ ಹಂದಿ ಅವಕ್ಕೆ ಮೊಲೆ ಕೊಡಲಿಲ್ಲ, ಮೂರನೇ ದಿನ ಎರಡೂ ಸತ್ತವು.

ಓಣಿ ಅವಳನ್ನು ಮರಿಗಳ್ಳಿ ಎಂದಿತು. ಅವಳು ಹಂದಿ ಮಾರಿ ಅಬಲೂರಿನ ಮಗಳ ಮನೆಗೆ ಹೋದಳು. ಎದುರುಮನೆಯಲ್ಲಿ ಉಳಿದ ಮಗ ನಮ್ಮ ಹೊಸ್ತಿಲು ತುಳಿಯಲಿಲ್ಲ. ತಪ್ಪಾಯಿತೆನ್ನಲು ಎರಡು ಸಲ ಅಬಲೂರಿಗೆ ಹೊರಟು ಎರಡು ಸಲವೂ ಹಳ್ಳದಿಂದ ತಿರುಗಿ ಬಂದೆ. ಆಮೇಲೆ ಅವಳು ತೀರಿಕೊಂಡ ಸುದ್ದಿ ಬಂತು.

ಇವತ್ತು ಬಾಗಿಲಲ್ಲಿ ನೆರೆದ ಹೆಂಗಸರಲ್ಲಿ ಒಬ್ಬಳು, "ಅಪ್ಪ ಅವ್ವಂದು ಕರೇ ಕಣ್ಣು. ಇದು ಯಾರ ಕಣ್ಣವಾ?" ಎಂದು ಮೂಗು ಮುರಿದಳು. ಸೊಸೆ ಗೋಡೆ ಕಡೆ ಮುಖ ತಿರುಗಿಸಿದಳು. ಅವಳು ನನ್ನ ಅಕ್ಕನ ಮಗಳೇ.

"ನಮ್ಮವ್ವನ ಕಣ್ಣು," ಎಂದೆ. "ನನ್ನ ಕಡಿಂದ ಮಗಗ, ಅಕ್ಕನ ಕಡಿಂದ ಸೊಸಿಗೆ ಬಂದು ಸುಮ್ನ ಕುಂತಿತ್ತು. ಈಗ ಕೂಡಿ ಹೊರಗ ಬಂದೈತಿ. ಇದನ್ನ ಕಲಿಸಿದಾಕಿ ಎದುರುಮನಿ ದೊಡ್ಡವ್ವ. ಆ ಮರಿ ಆಕಿವ ಇದ್ದವು. ಕಳ್ಳ ನಾ."

 ಸೊಸೆ ಮೆಲ್ಲಗೆ ಈ ಕಡೆ ತಿರುಗಿದಳು.

ಸಂಜೆ ರೇಶನ್ ಗೋಧಿಯಲ್ಲೇ ಹುಗ್ಗಿ ಮಾಡಿ ಮನೆಮಂದಿಯೆಲ್ಲ ಸಾಲಾಗಿ ಕೂತೆವು. ನಾನೇ ಹೋಗಿ ದೊಡ್ಡವ್ವನ ಮಗನನ್ನು ಕರೆದೆ. ಬಹಳ ಹೊತ್ತು ಹೊಸ್ತಿಲಲ್ಲಿ ನಿಂತ. ಆಮೇಲೆ ಬಂದು ನನ್ನ ಪಕ್ಕ ಕೂತ. ಅವನು ತುತ್ತು ಎತ್ತುವ ತನಕ ನನ್ನ ಕೈ ತಾಟಿಗೆ ಹೋಗಲಿಲ್ಲ.