ಐನೂರು ಕಾಳಿನ ಕಳಲೆ ಲೇಖನ

ನಮ್ಮ ಹುಡುಗಿ ಬರೆದದ್ದು ಪೇಪರಿನಲ್ಲಿ ಬಂತು! ಒಳಗಿನ ಪುಟದಲ್ಲಿ, ಮೇಲುಗಡೆಯೇ, ಕೊನೆಯಲ್ಲಿ ಅವಳ ಹೆಸರು. ಬೆಳಗ್ಗೆ ಮಡಿಕೇರಿ ಬಸ್ಸಿನಿಂದ ಪೇಪರಿನ ಕಟ್ಟು ಇಳಿದ ಕೂಡಲೇ ಸೋಮವಾರಪೇಟೆಯ ಹೋಟೆಲಿನಲ್ಲಿ ನಾನೇ ಮೊದಲು ಬಿಡಿಸಿ ನೋಡಿದೆ. ನಾನು ಓದಿದ್ದು ಎರಡನೇ ಕ್ಲಾಸು, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಅವಳ ಹೆಸರು ಕೂಡಿಸುವಷ್ಟರಲ್ಲಿ ಕಣ್ಣು ಮಂಜಾಯಿತು, ಮತ್ತೆ ಮೊದಲಿಂದ ಕೂಡಿಸಿದೆ.

"ಕಾಫಿ ಆರೋಗ್ತದೆ ಯಜಮಾನ್ರೇ" ಅಂದ ಹೋಟೆಲಿನವನು.

"ಆರ್ಲಿ ಬಿಡಯ್ಯ, ಇನ್ನೊಂದು ಕುಡಿಯಣ."

ನನ್ನ ಮಗನ ಹಿರಿಯ ಮಗಳು ಇವಳು. ಮಡಿಕೇರಿಯಲ್ಲಿ ಹೈಸ್ಕೂಲು ಮುಗಿಸಿ ಬಂದವಳು. ಪೇಪರಿನವರ ಹತ್ತಿರ ನೌಕರಿಯೇನೂ ಇಲ್ಲ. ಮನೆಯಲ್ಲೇ ಕೂತು ಬರೆದು ಅಂಚೆಗೆ ಹಾಕುತ್ತಾಳೆ. ಹಿಡಿಸಿದರೆ ಅಚ್ಚಾಗುತ್ತದೆ, ಇಲ್ಲವಾದರೆ ಲಕೋಟೆ ವಾಪಸ್ಸು. ಕೊಡಗಿಗೆ ಅದರದ್ದೇ ಸರ್ಕಾರ ಬಂದ ಮೇಲೆ ಪೇಪರಿನ ತುಂಬ ಮಂತ್ರಿಗಳ ಭಾಷಣ. ಮಿಕ್ಕ ಮೂಲೆಯಲ್ಲಿ ಇವಳ ಬರಹ ಹಿಡಿಸಬೇಕು. ಆ ಮೂಲೆಗೆ ಐನೂರು ಪದ, ಹೆಚ್ಚೂ ಕೂಡದು ಕಡಿಮೆಯೂ ಕೂಡದು ಅಂತ ಸಂಪಾದಕರ ಕಟ್ಟಪ್ಪಣೆ. ಏಲಕ್ಕಿ ಒಣಗಿಸುವುದರ ಮೇಲೆ ಬರೆದದ್ದು ಉದ್ದವಾಯಿತು ಅಂತ ವಾಪಸ್ಸು ಬಂತು. ಸಂತೆಯ ಮೇಲೆ ಬರೆದದ್ದು ಗಿಡ್ಡವಾಯಿತು ಅಂತ ಬಂತು.

"ಇನ್ನೊಂದ್ಸಲ ನೋಡ್ತೀನಿ ತಾತ. ಇದೂ ವಾಪಸ್ ಬಂದ್ರೆ ಮತ್ತೆ ಪೆನ್ನು ಮುಟ್ಟಲ್ಲ" ಅಂದಳು. ಹಟದ ಹುಡುಗಿ. ಮುಟ್ಟಲ್ಲ ಅಂದರೆ ಮುಟ್ಟುವುದಿಲ್ಲ.

ಮೂರನೆಯದನ್ನು ಕಳಲೆ ಅಡುಗೆಯ ಮೇಲೆ ಬರೆದಳು. ಬಿದಿರು ಮೆಳೆಯಲ್ಲಿ ಏಳುವ ಎಳೇ ಮೊಳಕೆಯೇ ಕಳಲೆ, ಅದು ನಮ್ಮ ಮನೆಯವರಿಗೆಲ್ಲ ಪ್ರಾಣ. ಈ ಸಲ ಎಣಿಕೆ ತಪ್ಪಬಾರದೆಂದು ನಾನೇ ಒಂದು ದಾರಿ ಮಾಡಿದೆ. ಅವಳು ಜಗಲಿಯಲ್ಲಿ ಕೂತು ನಿಧಾನವಾಗಿ ಓದುವುದು, ನಾನು ಒಂದು ಪದಕ್ಕೆ ಒಂದು ಅಲಸಂದೆ ಕಾಳು ಮೊರದಲ್ಲಿ ಇಡುವುದು.

"ಹುಳ ತಿಂದ ಕಾಳು ಇಡಬೇಡಿ, ಮಾತಿಗೂ ಹುಳ ಹಿಡಿದೀತು" ಅಂತ ನನ್ನ ಹೆಂಡತಿಯ ಕಾವಲು ಬೇರೆ.

ಕೊನೆಯ ತುಂಡು ಪೂರ್ತಿ ನನ್ನ ಮೇಲಿತ್ತು. ಬಿದಿರು ಮುಳ್ಳಿಗೆ ಹೆದರದೆ ನುಗ್ಗಿ ಕಳಲೆ ತರುವ ತಾತ, ಅವನ ಕತ್ತಿ, ಅವನ ಹಳೇ ಕಂಬಳಿ. ಪೇಪರಿನಲ್ಲಿ ಬರ್ತೀನಿ ನೋಡ್ತಿರಿ ಅಂತ ಹೋಟೆಲಿನಲ್ಲಿ ಆಗಲೇ ಹೇಳಿಯೂ ಆಗಿತ್ತು. ಓದು ಮುಗಿದಾಗ ಕಾಳು ಸರಿಯಾಗಿ ಐನೂರು! ಮಗ, ಸೊಸೆ, ಎಲ್ಲರೂ ಹೋ ಅಂದರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಯಿ ಹಾಕಿದಳು. ಮೈಸೂರು ಕಡೆಯಿಂದ ಹೋದ ಬೇಸಗೆಯಲ್ಲಿ ಬಂದು ನೆಲೆಸಿದವಳು. ಮೊಸರಿಗೆ ಹೆಪ್ಪು ಕೇಳಲು ಬಂದು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿದ್ದಳು.

"ಬೋ ಚೆನ್ನಾಗೈತೆ ಕಣವ್ವ. ನಾಳೀಕೆ ನಮ್ಮನೇಲೂ ಮಾಡ್ತೀನಿ. ತಂದೇಟ್ಗೆ ಹಚ್ಚಿ ಬೇಯಿಸ್ಬುಟ್ರಾಯ್ತಲ್ವಾ?"

"ಅಯ್ಯೋ ಮಾರಾಯ್ತಿ!" ಅಂತ ನನ್ನ ಹೆಂಡತಿ ಎದ್ದೇ ನಿಂತಳು. "ಹಚ್ಚಿ ಮೂರು ದಿನ ನೆನೆಸಿ, ದಿನಾ ಆ ನೀರು ಚೆಲ್ಲಿ ಹೊಸ ನೀರು ಹಾಕ್ಬೇಕು. ಹಂಗೇ ತಿಂದ್ರೆ ಹೊಟ್ಟೆ ಕೆಟ್ಟು ಮಲಗ್ತೀಯ!"

"ಅದ್ನ ಇವ್ಳು ಓದ್ನೇ ಇಲ್ವಲ್ಲಾ!"

ಹೌದು, ಓದಲೇ ಇಲ್ಲ. ಬರೆದೇ ಇರಲಿಲ್ಲ. ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು ಅದು. ಗೊತ್ತಿದ್ದದ್ದಕ್ಕೇ ಅವಳಿಗೆ ಬರೆಯಬೇಕು ಅನ್ನಿಸಲಿಲ್ಲ, ನಮಗೂ ಬಿಟ್ಟುಹೋಗಿದೆ ಅನ್ನಿಸಲಿಲ್ಲ. ಪೇಪರು ಓದುವವರೆಲ್ಲ ನಮ್ಮ ಜಗಲಿಯಲ್ಲೇ ಹುಟ್ಟಿದವರು ಅಂದುಕೊಂಡಿದ್ದೆವು.

ಹುಡುಗಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. "ನೆನೆಸೋದು, ಚೆಲ್ಲೋದು, ಯಾಕೆ ಚೆಲ್ಲೋದು, ಎಲ್ಲಾ ಬರೀಬೇಕು. ಜಾಗ ಎಲ್ಲಿದೆ ತಾತ?" ಒಗ್ಗರಣೆಯ ಸಾಲು ಬಿಡು ಅಂದ ಮಗ. ಒಗ್ಗರಣೆ ಬಿಟ್ಟು ಅಡುಗೆಯೇ ಅಂತ ಸೊಸೆ ಗದರಿದಳು. ಹುಡುಗಿ ಒಮ್ಮೆ ನನ್ನನ್ನು ನೋಡಿ, ತಟ್ಟನೆ ಮುಖ ಬೇರೆ ಕಡೆ ತಿರುಗಿಸಿದಳು. ನನಗೆ ಗೊತ್ತಾಯಿತು. ಸುಳ್ಳೇಕೆ, ಒಳಗೆ ಚುರುಕ್ ಅಂದಿತು. ಆದರೂ ಕೊನೆಯ ತುಂಡಿಗೆಂದು ಮೊರದ ತುದಿಯಲ್ಲಿ ಗುಪ್ಪೆ ಹಾಕಿದ್ದ ನನ್ನ ಪಾಲಿನ ಕಾಳು ಬಾಚಿ ಮುಷ್ಟಿಯಲ್ಲಿ ಹಿಡಿದೆ.

"ನನ್ನ ತೆಗೆದುಹಾಕು."

"ಬೇಡ ತಾತ, ಇದ್ರಲ್ಲಿ ಅದೇ ಚೆಂದ ಇರೋದು."

"ನಾನಿಲ್ದಿದ್ರೆ ಯಾರ ಹೊಟ್ಟೇನೂ ಕೆಡಲ್ಲ ಮಗಾ. ಬರಿ, ನೀರಿನ ಮಾತು ಬರಿ."

"ಹೋಟ್ಲಲ್ಲಿ ಕೇಳಿದ್ರೆ ಏನು ಹೇಳ್ತೀರಿ?" ಅಂದಳು ಹೆಂಡತಿ.

"ನೀರು ಪಾಲಾದೆ ಅಂತೀನಿ."

ಅವಳು ಬರೆದು ಓದಿದಂತೆ ನಾನು ಒಂದೊಂದೇ ಕಾಳು ಮೊರಕ್ಕೆ ವಾಪಸ್ಸು ಇಟ್ಟೆ. ನೀರಿನ ಮಾತು ಮುಗಿದಾಗ ಅಂಗೈಯಲ್ಲಿ ಎರಡು ಕಾಳು ಮಿಕ್ಕವು. ಅವಳು ಅವೆರಡನ್ನೂ ತೆಗೆದುಕೊಂಡು ಮೊರಕ್ಕೆ ಹಾಕಿ, ಹಾಳೆಯ ಮೇಲುಗಡೆ ಎಲ್ಲೋ ಏನೋ ಸೇರಿಸಿ ಲಕೋಟೆ ಅಂಟಿಸಿದಳು. ಕೇಳಿದರೆ ಹೇಳಲಿಲ್ಲ. ಆ ಐನೂರು ಕಾಳನ್ನೂ ನನ್ನ ಹೆಂಡತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಫಲ ಗೊತ್ತಾಗುವ ತನಕ ಯಾರೂ ಮುಟ್ಟಕೂಡದು ಅಂತ ಅಟ್ಟಕ್ಕೆ ಏರಿಸಿದಳು.

ಇವತ್ತು ಹೋಟೆಲಿನಲ್ಲಿ ಬರೀ ಹೆಸರು ನೋಡಿದವನು, ಮನೆಗೆ ಬರುವ ದಾರಿಯಲ್ಲಿ ಮರದ ಬುಡದಲ್ಲಿ ಕೂತು ಮೊದಲ ಸಾಲು ಕೂಡಿಸಿದೆ. ಜಗಲಿಯಲ್ಲಿ ಓದಿದಾಗ ಕಾಡಿನಿಂದ ತಂದ ಕಳಲೆ ಅಂತಿದ್ದದ್ದು ಈಗ ಹೀಗಿತ್ತು: "ನನ್ನ ತಾತ ಕಾಡಿನಿಂದ ತಂದ ಕಳಲೆ." ಆ ಎರಡು ಕಾಳು! ಅಲ್ಲಿಂದ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಂದರೆ ಅಂಚೆಯವನು ಕಾರ್ಡು ಕೊಟ್ಟು ಹೋಗಿದ್ದ. ತಿಂಗಳಿಗೊಂದು ಕಳಿಸುತ್ತಿರಿ ಅಂತ ಸಂಪಾದಕರೇ ಬರೆದಿದ್ದರು. ಹುಡುಗಿ ಅದನ್ನು ಓದುತ್ತಾ ನಗುತ್ತಾ ಅಳುತ್ತಾ ಇದ್ದಳು.

ನನ್ನ ಹೆಂಡತಿ ಗಂಟು ಬಿಚ್ಚಿ ಕಾಳು ನೆನೆಹಾಕಿದಳು. ಮೂರು ದಿನ ನೀರು ಕಂಡ ಕಳಲೆ ಮನೆಯಲ್ಲಿ ಇದ್ದೇ ಇತ್ತು. ಸಂಜೆಗೆ ಐನೂರು ಅಲಸಂದೆಯೂ ಕಳಲೆಯೂ ಕೂಡಿ ಕುದಿದವು. ಎಲ್ಲರೂ ಅಡುಗೆಮನೆಯಲ್ಲೇ ಸಾಲಾಗಿ ಕೂತೆವು.

"ಮುಂದಿಂದು ಪೂರ್ತಿ ನಿನ್ ಮೇಲೇ ಬರೀತೀನಿ ತಾತ."

"ಐನೂರಕ್ಕೆ ನಾನು ಹಿಡಿಸಲ್ಲ ಕಣೇ."

"ಸುಳ್ಳೆಲ್ಲ ತೆಗೆದ್ರೆ ಹಿಡಿಸ್ತಾರೆ ಬರಿ" ಅಂತ ನನ್ನ ಹೆಂಡತಿ ಬಿಸಿ ಅಕ್ಕಿರೊಟ್ಟಿಯೊಂದನ್ನು ನನ್ನ ತಟ್ಟೆಗೆ ಹಾಕಿ, ತಾನೂ ತಟ್ಟೆ ಹಿಡಿದು ನಮ್ಮ ಸಾಲಿನಲ್ಲೇ ಕೂತಳು.