ಹಿರಿಯ ಓರಗಿತ್ತಿಯ ಕಪ್ಪು ಕೂದಲು

ಕೊಲ್ಹಾಪುರದ ಶುಕ್ರವಾರ ಪೇಠೆಯಲ್ಲಿ ಶಾಲನ್‌ಬಾಯಿ ಚೌಗುಲೆಯ ಕೂದಲಿಗಿದ್ದ ಮರ್ಯಾದೆ ಆಕೆಯ ಗಂಡನಿಗೂ ಇರಲಿಲ್ಲ. ಗಂಡ ದತ್ತಾಜಿರಾವ್ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ, ತಲೆಯ ಮೇಲೆ ಒಂದೆಳೆಯೂ ಉಳಿಯದ ಸಾಧು ಮನುಷ್ಯ. ಹೆಂಡತಿಗೋ ಅರವತ್ತಾರು ತುಂಬಿದರೂ ಸೊಂಟ ಮುಟ್ಟುವ ಜಡೆ, ಅದೂ ಕಾಡಿಗೆಯಂಥ ಕಪ್ಪು. ಇದರ ಗುಟ್ಟೇನು ಎಂದು ಯಾರಾದರೂ ಬಾಯಿಬಿಡುವ ಮೊದಲೇ ಆಕೆಯ ಉತ್ತರ ಬಂದುಬಿಡುತ್ತಿತ್ತು: "ನಮ್ಮ ತವರಿನ ಎಣ್ಣಿ!"

ತವರು ಪನ್ಹಾಳದ ಬುಡದಲ್ಲಿನ ಒಂದು ಹಳ್ಳಿ. ಅಲ್ಲಿ ಆಕೆಯ ಮುತ್ತಜ್ಜಿ ತೊಂಬತ್ತನೆಯ ವಯಸ್ಸಿನಲ್ಲಿ ಕರೀ ಜಡೆ ಹೆಣೆದುಕೊಂಡೇ ಸತ್ತಳಂತೆ. ವರ್ಷಕ್ಕೆರಡು ಸಲ ಶಾಲನ್‌ಬಾಯಿ ಅಂಗಳದಲ್ಲಿ ದೊಡ್ಡ ಕಬ್ಬಿಣದ ಬಾಣಲೆ ಏರಿಸಿ, ಕೊಬ್ಬರಿ ಎಣ್ಣೆಗೆ ಗರಗದ ಸೊಪ್ಪು, ದಾಸವಾಳ, ನೆಲ್ಲಿಕಾಯಿ, ಕರಿಬೇವು ಸುರಿದು ಕುದಿಸುತ್ತಿದ್ದಳು. ಆ ದಿನ ಓಣಿಯ ಬೆಕ್ಕುಗಳು ಸಹ ಬೇರೆ ಪೇಠೆಗೆ ಹೋಗಿರುತ್ತಿದ್ದವು. ಎಣ್ಣೆಯನ್ನು ಹಳೆಯ ಬಾಟಲಿಗಳಿಗೆ ತುಂಬಿ ಮನೆಮನೆಗೂ ಪುಕ್ಕಟೆ ಹಂಚುತ್ತಿದ್ದಳು. ಹಚ್ಚಿಕೊಂಡವರ ಕೂದಲು ಆಮೇಲೂ ನೆರೆತರೆ ತಪ್ಪು ಎಣ್ಣೆಯದಲ್ಲ. "ರಾತ್ರಿ ಮೊಸರು ತಿಂದಿರ್ತಿ ನೀ," ಎಂದು ಗದರಿಸಿ ಇನ್ನೊಂದು ಬಾಟಲಿ ಕೊಡುತ್ತಿದ್ದಳು.

ನಿಜ ಸಂಗತಿಯೇ ಬೇರೆ. ಇಪ್ಪತ್ತೆರಡು ವರ್ಷಗಳ ಹಿಂದೆ ಒಬ್ಬ ಬಳೆಗಾರ ಮನೆಗೆ ಬಂದಿದ್ದ. ಆಗ ಶಾಲನ್‌ಬಾಯಿಗೆ ನಲವತ್ತನಾಲ್ಕು, ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಆಕೆಯ ಓರಗಿತ್ತಿ, ಅಂದರೆ ಮೈದುನ ಆನಂದರಾವ್‌ನ ಹೆಂಡತಿ ರತ್ನಪ್ರಭಾಳಿಗೆ ಬಳೆ ತೊಡಿಸುತ್ತ ಅವನು, "ನಿಮ್ಮ ಅತ್ತಿಯವರಿಗೂ ಇದ ಅಳತಿ ಆಗತೈತೇನ್ರೀ?" ಎಂದು ಶಾಲನ್‌ಬಾಯಿಯ ಕಡೆ ಕೈ ತೋರಿಸಿದ. ಇಬ್ಬರ ನಡುವೆ ಇದ್ದದ್ದು ಬರೀ ಆರು ವರ್ಷ! ಬಳೆಗಾರ ಬಂದ ದಾರಿಯಲ್ಲೇ ಹೋದ. ಅವನ ಹಿಂದೆಯೇ ಶಾಲನ್‌ಬಾಯಿ ಕೂದಲಿನ ಬಣ್ಣ ತರಲು ಹೊರಟಳು.

ಅಂದಿನಿಂದ ಎರಡು ವಾರಕ್ಕೊಂದು ಶನಿವಾರ, ಗಂಡ ಊಟ ಮಾಡಿ ಗೊರಕೆ ಹೊಡೆಯುವಾಗ, ಬಚ್ಚಲ ಬಾಗಿಲು ಹಾಕಿಕೊಂಡು ಆ ಕೆಲಸ ನಡೆಯುತ್ತಿತ್ತು. ಬಣ್ಣದ ಪ್ಯಾಕೆಟ್ಟನ್ನು ಗುರುತಿನವರು ಯಾರೂ ಇಲ್ಲದ ರಾಜಾರಾಮಪುರಿಯಿಂದ ತರುತ್ತಿದ್ದಳು. "ನಮ್ಮ ಮನಿಯವರಿಗೆ ಬೇಕು," ಎಂದು ಅಂಗಡಿಯವನಿಗೆ ಹೇಳುತ್ತಿದ್ದಳು. ಒಮ್ಮೆ ಆ ಮನೆಯವರು ತಾವಾಗಿಯೇ ಚೀಲ ಹಿಡಿದುಕೊಂಡು ಹಿಂದೆ ಬಂದರು. ಅಂಗಡಿಯವನು ಅವರ ತಲೆ ನೋಡಿದ, ಪ್ಯಾಕೆಟ್ಟು ನೋಡಿದ, ಮತ್ತೆ ತಲೆ ನೋಡಿದ. "ಅಯ್ಯೋ ಪಾಪ, ಇದನ್ನ ಹಚ್ಚಿ ಹಿಂಗಾತೇನ್ರೀ?" ಎಂದ. ಶಾಲನ್‌ಬಾಯಿ ಅಂಗಡಿ ಬದಲಿಸಿದಳು.

ರತ್ನಪ್ರಭಾಳ ರೀತಿ ಹಾಗಲ್ಲ. ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕಿಯಾಗಿದ್ದ ಆಕೆ ಭಾನುವಾರ ಮಾಳಿಗೆಯ ಮೇಲೆ ಹೆಗಲಿಗೆ ಹಳೇ ಪೇಪರ್ ಹೊದ್ದು, ಇಡೀ ಓಣಿ ನೋಡುವಂತೆ ಬಣ್ಣ ಹಚ್ಚುತ್ತಿದ್ದಳು. ಐವತ್ತೆಂಟಕ್ಕೆ ನಿವೃತ್ತಿಯಾದ ದಿನ ಹಾರ, ಶಾಲು, ತೆಂಗಿನಕಾಯಿ ಹೊತ್ತು ಮನೆಗೆ ಬಂದವಳು, "ಹಾಜರಿ ಪುಸ್ತಕಾ ಮುಗೀತು, ಈ ಬಣ್ಣಾನೂ ಮುಗೀತು," ಎಂದು ಉಳಿದಿದ್ದ ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕಿದಳು. ಶಾಲನ್‌ಬಾಯಿಗೆ ಒಳಗೊಳಗೇ ಹಬ್ಬ. ಒಂದೂವರೆ ವರ್ಷದಲ್ಲಿ ರತ್ನಾಳ ತಲೆ ಹಾಲಿನಂತೆ ಬೆಳ್ಳಗಾದಾಗ ಕಟ್ಟೆಯ ಮೇಲೆ ಕೂತು ಆಡಿದ್ದೂ ಆಡಿದ್ದೇ. "ಏ ರತ್ನಾ, ಪಾಂಢರಾ ರಸ್ಸಾದ ಬಿಳೇ ಸಾರಿನಾಗ ತಲಿ ಅದ್ದೀಯೇನ? ಇನ್ಮ್ಯಾಲ ನಿನ್ನ ನೋಡಿದ ಮಂದಿ ನನ್ನ ಅತ್ತಿ ಅಂತಾರ ನೋಡ!"

"ಅನ್ಲಿ ಬಿಡ ಅಕ್ಕಾ. ನಿನ್ನಂಥಾ ಸೊಸಿ ಸಿಕ್ರ ಯಾರಿಗೆ ಬ್ಯಾಡ?" ಎಂದು ರತ್ನಾ ನಕ್ಕಳು.

ದೀಪಾವಳಿಯ ನಂತರ ಶಾಲನ್‌ಬಾಯಿಯ ಮಗ ಹರ್ಷವರ್ಧನನಿಗೆ ಇಚಲಕರಂಜಿಯ ಹುಡುಗಿ ಗೊತ್ತಾದಳು. ಹೆಸರು ಪ್ರಾಜಕ್ತಾ. ನಿಶ್ಚಿತಾರ್ಥಕ್ಕೆ ಎರಡು ಜೀಪು ತುಂಬ ಮಂದಿ ಹೋದರು. ಹುಡುಗಿಯ ಮನೆಯಲ್ಲಿ ಎಂಬತ್ತಾರು ವರ್ಷದ ಆಜಿ ದ್ವಾರಕಾಬಾಯಿಯ ಮಾತೇ ಕಾನೂನು. ಕಿವಿ ಮಂದ, ಹಟ ಚುರುಕು. ಗಂಡಿನ ಕಡೆಯ ಹೆಂಗಸರಿಗೆ ಉಡಿ ತುಂಬುವ ಹೊತ್ತು ಬಂತು. ಮೊದಲ ಉಡಿ ಗಂಡಿನ ಮನೆಯ ಹಿರಿಯಳಿಗೆ, ಆಮೇಲೆ ಉಳಿದವರಿಗೆ. ಶಾಲನ್‌ಬಾಯಿ ಪೈಠಣಿ ಸೀರೆಯ ಸೆರಗು ಸರಿಮಾಡಿಕೊಂಡು, ಮುಖಕ್ಕೆ ಹಿರಿಯಳ ಗಾಂಭೀರ್ಯ ತಂದುಕೊಂಡು ಕೂತಳು. ಆಜಿ ಅಕ್ಕಿ, ಕಾಯಿ, ರವಿಕೆ ಖಣದ ತಟ್ಟೆ ಹಿಡಿದು ಬಂದವಳು ಆಕೆಯನ್ನು ದಾಟಿ ರತ್ನಾಳ ಮುಂದೆ ನಿಂತಳು.

ರತ್ನಾ ಗಾಬರಿಯಾಗಿ ಕೈ ಅಡ್ಡ ಹಿಡಿದಳು. "ಆಜಿ, ನಾನಲ್ರೀ! ಅಕ್ಕಾ ದೊಡ್ಡಾಕಿ, ಮೊದಲ ಆಕಿಗೆ!"

"ನೋಡ್ರವಾ, ಎಂಥಾ ದೊಡ್ಡ ಮನಸು!" ಆಜಿ ನೆರೆದವರತ್ತ ತಿರುಗಿದಳು. "ತನ್ನ ಮಾನಾ ಸೊಸಿಗೆ ಬಿಟ್ಟುಕೊಡಾಕ ಹೊಂಟಾಳ."

"ಆಕಿ ನನ್ನ ಅತ್ತಿ ಅಲ್ರೀ! ಓರಗಿತ್ತಿ! ನನಗಿಂತ ಆರು ವರ್ಷ ಸಣ್ಣಾಕಿ!" ಶಾಲನ್‌ಬಾಯಿಯ ಧ್ವನಿ ಏರಿತು.

ಆಜಿ ಆಕೆಯ ಕರೀ ತುರುಬನ್ನು ನೋಡಿ, ಮಗುವಿಗೆ ಹೇಳುವಂತೆ ಹೇಳಿದಳು: "ಅವಸರಾ ಮಾಡಬ್ಯಾಡ ಯವ್ವಾ, ನಿನ್ನ ಪಾಳೀನೂ ಬರತೈತಿ."

ಮೊಮ್ಮಗಳು ಪ್ರಾಜಕ್ತಾ ಆಜಿಯ ಕಿವಿಯಲ್ಲಿ ಕೂಗಿ ಹೇಳಿದಳು, ಆಜಿಯ ಮಗನೂ ಹೇಳಿದ. ಆಜಿ ಯಾರದನ್ನೂ ನಂಬಲಿಲ್ಲ. "ಬಾಯಿ ಸುಳ್ಳು ಹೇಳತೈತಿ, ಕೂದಲು ಹೇಳೂದಿಲ್ಲ. ನನಗ ಕಣ್ಣದಾವ." ನೀವಾದರೂ ಹೇಳಿ ಎಂದು ಶಾಲನ್‌ಬಾಯಿ ಗಂಡನ ಕಡೆ ನೋಡಿದಳು. ದತ್ತಾಜಿರಾವ್ ಎರಡನೆಯ ತಟ್ಟೆ ಬಾಸುಂದಿಯಲ್ಲಿ ಮುಳುಗಿದ್ದರು.

ಅಲ್ಲಿಂದ ಶಾಲನ್‌ಬಾಯಿಯ ದಿನಗಳು ಕೆಟ್ಟವು. ನಲವತ್ತು ವರ್ಷದಿಂದ ಚೌಗುಲೆ ಮನೆಯಲ್ಲಿ ಉಪ್ಪಿನಕಾಯಿಗೆ ಉಪ್ಪೆಷ್ಟು ಎನ್ನುವುದರಿಂದ ಹಿಡಿದು ಕೂಸಿಗೆ ಹೆಸರೇನು ಎನ್ನುವವರೆಗೆ ಆಕೆಯ ಅಪ್ಪಣೆ ಬೇಕಿತ್ತು. ಈಗ ಇಚಲಕರಂಜಿಯಿಂದ ಬರುವ ಫೋನು ರತ್ನಾಳಿಗೆ. "ಹಿರೇರನ್ನ ಕೇಳ್ರಿ ಅಂತ ಆಜಿ ಹೇಳ್ಯಾಳ್ರೀ," ಎಂದು ಅವರು ಶುರುಮಾಡುವರು. ಅಂಬಾಬಾಯಿ ಗುಡಿಯಲ್ಲಿ ಸಾಲಿನವರು ರತ್ನಾಳನ್ನು ಮುಂದೆ ಬಿಟ್ಟು ಶಾಲನ್‌ಬಾಯಿಯನ್ನು ಹಿಂದೆ ನಿಲ್ಲಿಸಿದರು. ಮದುವೆ ಮೇ ತಿಂಗಳಲ್ಲಿ. ಅವತ್ತೂ ಮೊದಲ ಉಡಿ ತುಂಬುವವಳು ಅದೇ ಆಜಿ. ಇಡೀ ಓಣಿ, ಇಡೀ ತವರು ನೋಡುತ್ತಿರುವಾಗ ತನ್ನ ಸ್ವಂತ ಮಗನ ಮದುವೆಯಲ್ಲಿ ತಾನು ಎರಡನೆಯವಳಾಗಬೇಕು.

ಮೊದಲು ಸುಲಭದ ಉಪಾಯ ಮಾಡಿದಳು. ಕೋಲು ಹಿಡಿದು ನಡೆದಳು, ನಡುನಡುವೆ ಕೆಮ್ಮಿದಳು, ಕೂತಲ್ಲಿಂದ ಏಳುವಾಗ "ಅಯ್ಯೋ ದೇವಾ" ಎಂದಳು. ಮನೆಗೆ ಬಂದ ಪ್ರಾಜಕ್ತಾ ಕಣ್ಣರಳಿಸಿ, "ಇಷ್ಟು ಸಣ್ಣ ವಯಸ್ಸಿನಾಗ ಮೊಣಕಾಲು ಹೋದುವೇನ್ರೀ? ಒಳ್ಳೇ ಡಾಕ್ಟರ್ ಅದಾರ, ತೋರಿಸೋಣು," ಎಂದಳು. ಕೋಲು ಅಟ್ಟಕ್ಕೆ ಹೋಯಿತು.

ಉಳಿದದ್ದು ಒಂದೇ ದಾರಿ. ಬಣ್ಣ ಬಿಡಬೇಕು. ಬಿಟ್ಟರೆ ಎಣ್ಣೆಯ ಬಂಡವಾಳ ಬಯಲಾಗುತ್ತದೆ. ನಾಲ್ಕು ದಿನ ಒದ್ದಾಡಿ, ಓಣಿಯ ಹೆಂಗಸರ ಮುಖಂಡಳಂತಿದ್ದ, ಓಣಿಯವರೆಲ್ಲರಂತೆ ಆಕೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಅಕ್ಕಾತಾಯಿಯ ಮನೆಗೆ ಹೋಗಿ ಮೊದಲು ಅವಳೆದುರು ಬಾಯಿಬಿಟ್ಟಳು. "ಅಕ್ಕಾತಾಯಿ, ಆ ಎಣ್ಣಿಯಿಂದ ಏನೂ ಆಗೂದಿಲ್ಲ. ನಾ ಬಣ್ಣಾ ಹಚ್ಚತೀನಿ. ಇನ್ನ ಬಿಡಾಕಿ ಅದೀನಿ, ಎಲ್ಲಾರಿಗೂ ಹೇಳಾಕಿ."

ಅಕ್ಕಾತಾಯಿ ಬಿಳಿಚಿಕೊಂಡು ಎದ್ದು ಬಾಗಿಲು ಹಾಕಿದಳು. "ಕಾಕು, ಮೆತ್ತಗ ಮಾತಾಡ್ರಿ! ನಮ್ಮತ್ತಿ ಒಳಗ ಅದಾಳ."

"ಇದ್ರ ಏನಾತು?"

"ನಾನೂ ಹಚ್ಚತೀನ್ರೀ. ನಾ ಅಷ್ಟ ಅಲ್ಲ, ಓಣ್ಯಾಗ ನಾವು ಏಳು ಮಂದಿ ಅದೀವಿ. ಮನ್ಯಾಗ ಎಲ್ಲಾರೂ ಕಾಕೂನ ಎಣ್ಣಿ ಪ್ರತಾಪ ಅಂತ ತಿಳದಾರ. ನೀವು ಬಾಯಿ ಬಿಟ್ರ ನಮ್ಮ ಗತಿ ಏನ್ರೀ?"

ಇದನ್ನು ಕೇಳಿ ಶಾಲನ್‌ಬಾಯಿಗೆ ಸಮಾಧಾನವಾಗಬೇಕಿತ್ತು. ಬಂದದ್ದು ಸಿಟ್ಟು. "ಹಂಗಾದ್ರ ಇಷ್ಟು ವರ್ಷ ನನ್ನ ಎಣ್ಣಿ ಹಚ್ಚಿಲ್ಲ ನೀವು? ಹೊಗಿ ಕುಡದು, ಕಣ್ಣು ಉರಸಿಕೊಂಡು ಕಾಸಿ ಕೊಟ್ಟೇನಿ! ನನಗ ಮೋಸಾ ಮಾಡಿದ್ರಿ?"

"ನೀವು ಮಾಡಿದ್ದೇನ್ರೀ ಕಾಕು?"

ಆ ಪ್ರಶ್ನೆ ಆಕೆಗೆ ಹಿಡಿಸಲಿಲ್ಲ. ಕೊನೆಗೆ ಅಕ್ಕಾತಾಯಿ ಕಾಲಿಗೆ ಬಿದ್ದದ್ದರಿಂದ, ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು ಬಂದಳು. ಬಣ್ಣ ಮಾತ್ರ ಬಿಟ್ಟಳು. ಮರುದಿನದಿಂದ ತಲೆಯ ಮೇಲೆ ಸೆರಗು. ಅಡುಗೆಮನೆಯಲ್ಲೂ ಸೆರಗು, ನಿದ್ದೆಯಲ್ಲೂ ಸೆರಗು. ಸೊಸೆ ಬರುವ ಹೊತ್ತಿಗೆ ಕಾಕುವಿಗೆ ದೇವರ ಮೇಲೆ ಭಕ್ತಿ ಹೆಚ್ಚಿತೆಂದು ಓಣಿ ಮಾತಾಡಿಕೊಂಡಿತು. ಬಚ್ಚಲ ಕನ್ನಡಿಯ ಮುಂದೆ ಸೆರಗು ಸರಿಸಿದಾಗ ಬೈತಲೆಯ ಎರಡೂ ಬದಿ ಬಿಳುಪು ಕಾಣುತ್ತಿತ್ತು. ಮೊದಮೊದಲು ಆಕೆಗೆ ಹೆದರಿಕೆಯಾಗುತ್ತಿತ್ತು. ಎರಡು ತಿಂಗಳಾದ ಮೇಲೆ ಬೆರಳಿಂದ ಅಳೆದು ನೋಡುವುದು ರೂಢಿಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಶನಿವಾರ ಮಧ್ಯಾಹ್ನ ಆಕೆಯೂ ಗಂಡನ ಜೊತೆ ಗೊರಕೆ ಹೊಡೆದಳು.

ಮೇ ತಿಂಗಳ ಮದುವೆ. ಇಚಲಕರಂಜಿಯ ಆ ಮಂಗಲ ಕಾರ್ಯಾಲಯದಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ತಿರುವಿ ಬೀಸುತ್ತಿದ್ದವು. ಓಣಿಯವರು ಬಸ್ಸು ಮಾಡಿಕೊಂಡು ಬಂದು ಮುಂದಿನ ಸಾಲಲ್ಲೇ ಕೂತಿದ್ದರು. ಅಕ್ಕಾತಾಯಿ ಮತ್ತು ಸಂಗಡಿಗರ ಏಳು ಕರೀ ತುರುಬುಗಳಲ್ಲಿ ಮಲ್ಲಿಗೆಯಿತ್ತು. ತಾಳಿ ಕಟ್ಟಿ, ಅಕ್ಷತೆ ಬಿದ್ದು, ಉಡಿಯ ತಟ್ಟೆ ಬಂತು. ಆಜಿ ಒಂದೊಂದೇ ಹೆಜ್ಜೆ ಇಡುತ್ತ, ಸೆರಗು ಹೊದ್ದ ಶಾಲನ್‌ಬಾಯಿಯನ್ನು ದಾಟಿ, ಮತ್ತೆ ರತ್ನಾಳ ಕಡೆಗೇ ಹೊರಟಳು.

ಶಾಲನ್‌ಬಾಯಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಎದುರಿಗೆ ಮಗ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಅವನನ್ನು ಹೆತ್ತವಳು ತಾನು. ಅಳು ಒತ್ತರಿಸಿ ಬಂತು. ಎದ್ದು ನಿಂತು, ತಲೆಯ ಮೇಲಿನ ಸೆರಗನ್ನು ಒಂದೇ ಸಲಕ್ಕೆ ಹಿಂದೆ ಎಳೆದಳು.

ಆಜಿ ನಿಂತಳು. ಹತ್ತಿರ ಬಂದು ಬಗ್ಗಿ ನೋಡಿದಳು. ಮೇಲೆ ಮೂರು ಬೆರಳು ಬಿಳುಪು, ಅದರ ಕೆಳಗೆ ಸೊಂಟದವರೆಗೆ ಕಪ್ಪು. "ಇದೇನ ಯವ್ವಾ? ಮ್ಯಾಲ ಬಿಳೇದು, ಕೆಳಗ ಕರೇದು. ಇದರಾಗ ಖರೇದು ಯಾವುದು?"

"ಮ್ಯಾಲಿಂದು ಖರೇದು," ಎಂದಳು ಶಾಲನ್‌ಬಾಯಿ.

"ಕೇಳಸವಲ್ತು. ಜೋರಾಗಿ ಹೇಳ."

"ಮ್ಯಾಲಿಂದು ಖರೇದು!"

"ಹಂಗಾದ್ರ ಕೆಳಗಿಂದು?"

ಶಾಲನ್‌ಬಾಯಿ ಒಮ್ಮೆ ಮುಂದಿನ ಸಾಲು ನೋಡಿದಳು. ಅಕ್ಕಾತಾಯಿ ಬೇಡ ಬೇಡವೆಂದು ತಲೆ ಆಡಿಸುತ್ತಿದ್ದಳು. "ಬಣ್ಣರೀ ಆಜಿ!" ಎಂದು ಆಕೆ ಕಾರ್ಯಾಲಯವೇ ಅದುರುವಂತೆ ಕೂಗಿದಳು. "ಇಪ್ಪತ್ತೆರಡು ವರ್ಷದಿಂದ ಬಣ್ಣಾ ಹಚ್ಚೇನಿ! ಎಣ್ಣಿ ಗಿಣ್ಣಿ ಎಲ್ಲಾ ಸುಳ್ಳು! ನನಗ ಅರವತ್ತಾರು, ಆಕಿಗಿನ್ನೂ ಅರವತ್ತು! ನಾನ ದೊಡ್ಡಾಕಿ, ನನ್ನ ಉಡಿ ಮೊದಲ ತುಂಬ್ರಿ!"

ಮುಂದಿನ ಸಾಲಿನಲ್ಲಿ ಏಳು ಸೆರಗುಗಳು ಒಂದರ ಹಿಂದೊಂದು ಮೇಲೇರಿ ಏಳು ತುರುಬುಗಳನ್ನು ಮುಚ್ಚಿದವು. "ಯಾಕ, ಇಷ್ಟು ಸೆಕಿಯೊಳಗ ತಲಿ ಮ್ಯಾಲ ಸೆರಗ್ಯಾಕ?" ಎಂದು ಅಕ್ಕಾತಾಯಿಯ ಅತ್ತೆ ಕೇಳಿದ್ದು ಎಲ್ಲರಿಗೂ ಕೇಳಿಸಿತು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕಾರ್ಯಾಲಯ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದತ್ತಾಜಿರಾವ್ ಪಕ್ಕದವರನ್ನು, "ಬಣ್ಣಾನ? ಯಾವಾಗ ಹಚ್ಚತಿದ್ಲು?" ಎಂದು ಕೇಳುತ್ತಿದ್ದರು.

"ಹುಚ್ಚೀ, ಇದನ್ನ ಅವತ್ತ ಹೇಳಬಾರದಾಗಿತ್ತೇನ?" ಎಂದು ಆಜಿ ಶಾಲನ್‌ಬಾಯಿಯ ಉಡಿಗೆ ಮೊದಲ ಕಾಯಿ ಹಾಕಿದಳು.

ಉಡಿ ತುಂಬಿಸಿಕೊಂಡು ಇಬ್ಬರು ಓರಗಿತ್ತಿಯರು ಒಳಗಿನ ಕೋಣೆಗೆ ಬಂದು ಚಾಪೆಯ ಮೇಲೆ ಕೂತರು. ಶಾಲನ್‌ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಂದಿ ಮುಂದ ನನ್ನ ಮರ್ಯಾದಿ ಹೋತು ರತ್ನಾ. ನೀನೂ ನಗ, ನಕ್ಕಬಿಡ."

"ನಾ ಏನ ನಗಲಿ? ನನಗ ಮೊದಲಿಂದ ಗೊತ್ತಿತ್ತು."

"ಏನ ಗೊತ್ತಿತ್ತು?"

"ಶನಿವಾರ ಶನಿವಾರ ನಿನ್ನ ಕಿವಿ ಹಿಂದ ಕರ್ರಗ ಇರತಿತ್ತಲ್ಲ ಅಕ್ಕಾ. ಮನಿಗೆ ಯಾರರೆ ಬಂದ್ರ, ಮಸಿ ಹತ್ತೇತಿ ತಡಿ ಅಂತ ನಾನ ಒರಸತಿದ್ದೆ."

ಶಾಲನ್‌ಬಾಯಿಯ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ಹೌದು, ಒರೆಸುತ್ತಿದ್ದಳು. ಎಷ್ಟೋ ಸಲ ಒರೆಸಿದ್ದಳು. ಒಲೆ ಹೋಗಿ ಗ್ಯಾಸು ಬಂದ ಮನೆಯಲ್ಲಿ ಮಸಿ ಎಲ್ಲಿಂದ ಹತ್ತೀತು ಎಂದು ತಾನೊಮ್ಮೆಯೂ ಯೋಚಿಸಿರಲಿಲ್ಲ. ಎಣ್ಣೆ ಹಚ್ಚಿಲ್ಲವೆಂದು ವರ್ಷಗಟ್ಟಲೆ ರತ್ನಾಳನ್ನು ಆಡಿಕೊಂಡದ್ದೆಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು.

"ಗೊತ್ತಿದ್ದೂ ಒಂದ ದಿನಾನೂ ಅನಲಿಲ್ಲಲ್ಲ ನೀ?"

"ಹೆಂಗ ಅನಲಿ?" ಎಂದಳು ರತ್ನಾ. "ನೀ ದೊಡ್ಡಾಕಿ."