ಹೆಂಡತಿಯ ಕೈಗೊಂದು ಗೇರ್ ಲಿವರ್

ಬೆಳಗಿನ ಬೆಳಕು ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿದೆ. ಮಣಿಕಟ್ಟು ಮಾಮ ಆಗಲೇ ರೇಸ್ ಕಾರಿನೊಳಗೆ ತಲೆಕೆಳಗಾಗಿದ್ದಾರೆ. ಹೊರಗೆ ಕಾಣುವುದು ಎರಡು ಚಪ್ಪಲಿ ಮಾತ್ರ. ಮೂರು ಲೋಕದಲ್ಲಿ ಇವರ ಹಾಗೆ ಗೇರ್ ಲಿವರ್ ಕೂರಿಸುವವರು ಇನ್ನೊಬ್ಬರಿದ್ದರೆ ನಾನು ಈ ಪೆನ್ನು ಬಿಸಾಡಿ ಪಂಕ್ಚರ್ ಹಾಕಲು ಕೂರುತ್ತೇನೆ.

ಕಂಪನಿ ಕೊಟ್ಟ ಲಿವರ್ ರೇಸಿಗೆ ಸಾಲದು. ಅದನ್ನು ಕಿತ್ತು, ಹೊರಗಿನಿಂದ ತರಿಸಿದ್ದನ್ನು ಹಾಕಬೇಕು. ಯಾವುದನ್ನು ಎಂಬುದೇ ತಲೆನೋವು. ಗಿಡ್ಡದ್ದರಲ್ಲಿ ಗೇರ್ ಚಿಟಿಕೆ ಹೊಡೆದಷ್ಟು ಬೇಗ ಬೀಳುತ್ತದೆ, ಆದರೆ ಬಿಗಿ. ಉದ್ದದ್ದು ಹಗುರ, ಆದರೆ ಕೈ ಊರೆಲ್ಲ ಸುತ್ತಿ ಬರಬೇಕು. ಮಾಮ ಲಿವರ್ ಹಿಡಿದು ಒಮ್ಮೆ ಮಣಿಕಟ್ಟು ತಿರುಗಿಸಿ ತೀರ್ಪು ಕೊಡುತ್ತಾರೆ. ಅಡ್ಡಹೆಸರು ಬಂದದ್ದು ಹಾಗೆ.

ಅಪ್ಪನ ಲೇತ್ ಯಂತ್ರದ ಪಕ್ಕದಲ್ಲೇ ಬೆಳೆದವರು. ಶೆಡ್ಡು ಎಂಥದ್ದೆಂದರೆ, ಮಳೆ ಹೊರಗಿಗಿಂತ ಒಳಗೇ ಜಾಸ್ತಿ ಸುರಿಯುತ್ತದೆ. ಇವರ ಲಿವರ್ ಹಿಡಿದು ಗೆದ್ದವರಿಗೆ ಲೆಕ್ಕವಿಲ್ಲ. ಗೆದ್ದವರ ಫೋಟೊದಲ್ಲಿ ಒಮ್ಮೆ ಇವರ ಮೊಣಕೈ ಬಂದಿತ್ತು. ಪತ್ರಿಕೆಯವರು ಅದನ್ನೂ ಕತ್ತರಿಸಿದರು.

ಇವತ್ತಿನ ಕಾರು ಓಡಿಸುವವರು ಮಾಮನ ಹೆಂಡತಿ. ಹಿಂದಿನ ರೇಸಿನಲ್ಲಿ ಕಾರು ಮಗುಚಿ ಅವರ ಎಡ ಭುಜ ಮುರಿದಿತ್ತು. ಮೂಳೆ ಕೂಡಿಕೊಂಡರೂ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ತಪ್ಪುತ್ತಿದೆ. ಲಿವರ್ ಐದರ ಕಡೆಗೆ ಜಾರುತ್ತದೆ. ಈ ಬೆಳಗಿನ ಪರೀಕ್ಷೆಯಲ್ಲೂ ತಪ್ಪಿದರೆ ಸೀಟು ಬೇರೆಯವರಿಗೆ ಎಂದು ತಂಡದ ಮ್ಯಾನೇಜರ್ ಹೇಳಿಯಾಗಿದೆ.

ಮಾಮ ಆರಿಸಿದ್ದು ಗಿಡ್ಡ ಲಿವರ್. ಬೆಣ್ಣೆಯಲ್ಲಿ ಚಾಕು ಇಳಿದ ಹಾಗಿದೆ ಎಂಬುದು ಅವರ ವಾದ. ಮನೆಯಲ್ಲಿ ಇದೇ ಜಗಳ ನಡೆದು ನಡೆದು ಗೋಡೆಗಳಿಗೂ ಬಾಯಿಪಾಠವಾಗಿದೆಯಂತೆ.

“ಬೆಣ್ಣೆ ನಿಮ್ಮ ಕೈಗೆ ಕಣ್ರೀ. ಓಡ್ಸೋದು ನಾನು,” ಎನ್ನುತ್ತಾ ಹೆಂಡತಿ ಸೀಟಿನಲ್ಲಿ ಕೂರುತ್ತಾರೆ. ಗಂಡನನ್ನು ಕಿಟಕಿಯಿಂದ ಒಳಗೆ ಬಗ್ಗಿಸಿ, ಲಿವರ್ ಹಿಡಿದ ತಮ್ಮ ಕೈಮೇಲೆ ಅವರ ಕೈ ಇಡಿಸಿಕೊಳ್ಳುತ್ತಾರೆ. ಎರಡು. ಮೂರು. ಮತ್ತೆ ಎರಡು, ಮೂರು. ಮಾಮನ ಮುಖ ನಿಧಾನವಾಗಿ ಇಳಿಯುತ್ತದೆ. ಹೆಂಡತಿಯ ಮಣಿಕಟ್ಟು ಅಲ್ಲಾಡುವುದೇ ಇಲ್ಲ. ಭುಜದ ನೋವು ತಪ್ಪಿಸಲು ಇಡೀ ಮೈ ವಾಲಿಸಿ ತಳ್ಳುತ್ತಾರೆ. ಆ ರಭಸಕ್ಕೆ ಲಿವರ್ ಪಕ್ಕಕ್ಕೆ ಹಾರುತ್ತದೆ.

“ಇಷ್ಟು ನೋವಿದೆ ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕಾರಿನ ಹತ್ರಾನೇ ಬಿಡ್ತಿರ್ಲಿಲ್ಲ ನೀವು.”

ಮಾಮ ಗಿಡ್ಡ ಲಿವರ್ ಬಿಚ್ಚುತ್ತಾರೆ. ಮೇಜಿನ ಮೇಲಿಂದ ಉದ್ದದ್ದೊಂದನ್ನು ಆರಿಸಿ, ಬಲವಾದ ಸ್ಪ್ರಿಂಗ್ ಸೇರಿಸುತ್ತಾರೆ. ಎರಡರಿಂದ ಹೊರಬಂದ ಲಿವರನ್ನು ಸ್ಪ್ರಿಂಗೇ ನಡುವಿಗೆ ತರುತ್ತದೆ; ಆಮೇಲೆ ಅಂಗೈಯಿಂದ ಮುಂದಕ್ಕೆ ದೂಡಿದರೆ ಮೂರು. ಬೇರೆಯವರಿಗೆ ಅರ್ಧ ದಿನ ಹಿಡಿಯುವ ಕೆಲಸ ನನ್ನ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಈ ಸಲ ಮಾಮ ತಾವು ಹಿಡಿದು ನೋಡುವುದೇ ಇಲ್ಲ. ಹೆಂಡತಿಯನ್ನೇ ಕೂರಿಸಿ, ಭುಜ ಏಳದ ಎತ್ತರಕ್ಕೆ ಲಿವರ್ ಇಳಿಸಿ ಬಿಗಿಯುತ್ತಾರೆ.

ಕಾರು ಪಕ್ಕದ ಟ್ರ್ಯಾಕಿಗೆ ಇಳಿದಾಗ ಎಲ್ಲರೂ ಅದನ್ನು ನೋಡುತ್ತಾರೆ. ಮಾಮ ಬೆನ್ನು ತಿರುಗಿಸಿ ನಿಂತು ಕೇಳಿಸಿಕೊಳ್ಳುತ್ತಾರೆ. ಎರಡನೇ ಗೇರ್ ಕೂಗುತ್ತದೆ, ಒಂದು ಉಸಿರಿನಷ್ಟು ಹೊತ್ತು ತಡೆಯುತ್ತದೆ, ಮೂರನೆಯದು ಹಿಡಿದುಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ಹಾಗೇ. ಆ ಹೊತ್ತು ಇಡೀ ಭೂಮಿ ಉಸಿರು ಬಿಗಿಹಿಡಿದಿತ್ತು ಎಂದು ನಾನು ಆಣೆ ಮಾಡಬಲ್ಲೆ. ಕೊನೆಗೆ ಮ್ಯಾನೇಜರ್ ಬಂದು, ಸೀಟು ಅವರದೇ ಎಂದು ಹೇಳಿ ಹೋಗುತ್ತಾರೆ.

ಹೆಂಡತಿ ಇಳಿದು ಹೆಲ್ಮೆಟ್ ತೆಗೆಯುತ್ತಲೇ ಬೈಗುಳ ಶುರು. ಬ್ರೇಕ್ ಮೆತ್ತಗಿದೆ, ಟೈರ್ ಸರಿಯಿಲ್ಲ, ಸೀಟಿನಲ್ಲಿ ಏನೋ ಚುಚ್ಚುತ್ತದೆ. ಶೆಡ್ಡಿನವರೆಗೂ ಬೈದುಕೊಂಡೇ ಹೋಗುತ್ತಾರೆ. ಮಾಮ ಮಾತ್ರ ಬಾಯಿ ಕಿವಿಯವರೆಗೆ ಅಗಲಿಸಿ ನಗುತ್ತಿದ್ದಾರೆ. ಇಷ್ಟು ಬೈಸಿಕೊಂಡು ಈ ನಗು ಏಕೆಂದು ಕೇಳುತ್ತೇನೆ.

“ಗೇರ್ ಬಗ್ಗೆ ಏನಾದ್ರೂ ಅಂದ್ಲಾ? ಅದೊಂದಿದೆ ಅನ್ನೋದೇ ಮರ್ತುಬಿಟ್ಟಿದ್ದಾಳೆ.”